ಫ್ರಿಜ್ಜಿನ ಬಾಗಿಲ ಮೇಲಿನ ವೇಳಾಪಟ್ಟಿ

ನಮ್ಮ ಮನೆಯವರು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತರಾದವರು. ಬೀಳ್ಕೊಡುಗೆಯ ದಿನ ಶಾಲೆಯವರು ಶಾಲು ಹೊದಿಸಿ, ಹಾರ ಹಾಕಿ ಮನೆಗೆ ಕಳಿಸಿದರು. ಮಾರನೆಯ ದಿನದಿಂದ ಪಾಠ ಕೇಳಲು ಮಕ್ಕಳಿಲ್ಲ. ನಮ್ಮ ಹೆಣ್ಣುಮಕ್ಕಳಿಬ್ಬರೂ ಮದುವೆಯಾಗಿ ಹೋಗಿದ್ದರು. ಉಳಿದವರು ನಾನು ಮತ್ತು ಎಂಬತ್ತು ದಾಟಿದ ಅತ್ತೆ. ಅತ್ತೆಗೆ ಪಕ್ಕದ ಮನೆಯ ಜಗಳದ ಒಂದೊಂದು ಮಾತೂ ಸ್ಪಷ್ಟವಾಗಿ ಕೇಳಿಸುತ್ತದೆ, ಮಗ ಪಾಠ ಶುರುಮಾಡಿದಾಗ ಮಾತ್ರ ಕಿವಿ ಮಂದ. ಹಾಗಾಗಿ ಇಡೀ ತರಗತಿ ನಾನೊಬ್ಬಳೇ ಆಗಿಬಿಟ್ಟೆ.

ನಮ್ಮದು ಮದ್ದೂರಿನಲ್ಲಿ, ಶಿವಪುರದ ಕಡೆ ಮನೆ. ಒಂದು ಬೇಸಿಗೆಯಲ್ಲಿ ವಿ.ಸಿ. ಫಾರಂ ಕೃಷಿ ಕಾಲೇಜಿನಲ್ಲಿ ಸೌರ ವಿದ್ಯುತ್ತಿನ ಬಗ್ಗೆ ಒಂದು ದಿನದ ತರಬೇತಿ ಇದೆ, ಊಟವೂ ಇದೆ ಎಂದು ಯಾರೋ ಹೇಳಿದರು. ಇವರು ಹೋದರು. ಸಂಜೆ ಬರುವಾಗ ಕೈಯಲ್ಲಿ ಒಂದು ಬಟ್ಟೆಚೀಲ, ಜೇಬಿನಲ್ಲಿ ಹೊಸ ಪೆನ್ನು, ಮುಖದಲ್ಲಿ ಮತ್ತೆ ಕೆಲಸಕ್ಕೆ ಸೇರಿಕೊಂಡವರ ಕಳೆ. ಕೈಕಾಲು ತೊಳೆಯುವ ಮೊದಲೇ ಪಾಠ ಶುರುವಾಯಿತು.

"ಹಗಲೊತ್ತು ಬಿಸಿಲಿನ ಕರೆಂಟು ಬೇಕಾದಷ್ಟು ತಯಾರಾಯ್ತದೆ ಕಣೇ, ಬಳಸೋರಿಲ್ಲ. ಬಿಸಿಲು ಇಳೀತಿದ್ದಂಗೆ ಊರೋರೆಲ್ಲ ಒಟ್ಟಿಗೆ ಸ್ವಿಚ್ಚು ಹಾಕ್ತರೆ. ಆಗ ಕಲ್ಲಿದ್ದಲು ಸುಡಬೇಕು. ನಾವು ಮನೆಯೋರು ಕೆಲಸಾನೆಲ್ಲ ಹಗಲಿಗೆ ತಳ್ಕೊಂಡ್ರೆ ಸಾಕು."

ಮಾತು ಸುಳ್ಳಲ್ಲ. ಅದನ್ನು ನಾನು ಆಗಲೂ ಒಪ್ಪಿದ್ದೆ, ಈಗಲೂ ಒಪ್ಪುತ್ತೇನೆ. ಆದರೆ 'ನಾವು ಮನೆಯೋರು' ಎಂದರೆ ಯಾರು ಯಾರು ಎಂದು ಆ ಹೊತ್ತಿನಲ್ಲೇ ಬಿಡಿಸಿ ಕೇಳಬೇಕಿತ್ತು. ಕೇಳಲಿಲ್ಲ. ಮಾರನೆಯ ಬೆಳಿಗ್ಗೆ ಫ್ರಿಜ್ಜಿನ ಬಾಗಿಲ ಮೇಲೆ ಒಂದು ವೇಳಾಪಟ್ಟಿ ಅಂಟಿತ್ತು. ಸ್ಕೇಲಿನಲ್ಲಿ ಗೆರೆ ಎಳೆದು, ಎರಡು ಬಣ್ಣದ ಶಾಯಿಯಲ್ಲಿ ಬರೆದಿದ್ದರು. ಹನ್ನೊಂದಕ್ಕೆ ಸಂಪಿನ ಮೋಟರು, ಹನ್ನೊಂದೂವರೆಗೆ ಬಟ್ಟೆ ಒಗೆಯುವ ಮೆಷಿನ್ನು, ಹನ್ನೆರಡಕ್ಕೆ ಗ್ರೈಂಡರು, ಹನ್ನೆರಡೂವರೆಗೆ ಇಸ್ತ್ರಿ. ಸಂಜೆ ಆರರಿಂದ ಹತ್ತರವರೆಗಿನ ಜಾಗದಲ್ಲಿ ಕೆಂಪು ಶಾಯಿಯ ಅಡ್ಡಗೆರೆ. ಮೋಟರು ಹಾಕಬೇಕಾದವರು, ಬಟ್ಟೆ ತುಂಬಬೇಕಾದವರು, ರುಬ್ಬಬೇಕಾದವರು ಯಾರೆಂಬ ಕಾಲಂ ಇರಲಿಲ್ಲ. ಅದು ಎಲ್ಲರಿಗೂ ಗೊತ್ತಿರುವ ವಿಷಯ ಅಂದುಕೊಂಡಿದ್ದರು.

ಮೊದಲ ದಿನ ಅವರೇ ಗಡಿಯಾರ ಹಿಡಿದು ನಿಂತರು. ಮೋಟರು ಓಡುತ್ತಿತ್ತು, ಮೆಷಿನ್ನು ತಿರುಗುತ್ತಿತ್ತು, ಗ್ರೈಂಡರು ಹಾಕಿದೆ, ಇಸ್ತ್ರಿಪೆಟ್ಟಿಗೆಯ ಸ್ವಿಚ್ಚು ಒತ್ತಿದೆ. ಫ್ಯೂಸು ಹೋಯಿತು. ನಾಡಿನ ಬಿಸಿಲಿಗೆಲ್ಲ ನಾವೊಬ್ಬರೇ ಗಿರಾಕಿಗಳು ಎನ್ನುವ ಹಾಗೆ ನಡೆದುಕೊಂಡರೆ ಇನ್ನೇನಾಗುತ್ತದೆ? ನಮ್ಮ ಮೀಟರಿಗೆ ಹಗಲು ಬಂದ ಕರೆಂಟೂ ಒಂದೇ, ರಾತ್ರಿ ಬಂದದ್ದೂ ಒಂದೇ. ಇವರಿಗೆ ಮಾತ್ರ ಒಂದೊಂದು ಯೂನಿಟ್ಟಿನ ಕುಲಗೋತ್ರ ಗೊತ್ತಿತ್ತು. ಸಂಜೆ ನಾನು ಕಾಯಿ ಚಟ್ನಿಗೆ ಮಿಕ್ಸಿ ತಿರುಗಿಸಿದರೆ ಪಡಸಾಲೆಯಿಂದ "ಕಲ್ಲಿದ್ದಲು" ಎಂಬ ಒಂದೇ ಪದ ಕೇಳಿಬರುತ್ತಿತ್ತು. ಕ್ರಿಕೆಟ್ಟು ನೋಡುವ ಟಿವಿಗೆ ಯಾವ ಕರೆಂಟು ಎಂದು ನಾನು ಕೇಳಿದೆ. ಅದು ಸ್ವಲ್ಪವೇ ಎಳೆಯುತ್ತದಂತೆ.

ಇಷ್ಟಕ್ಕೇ ನಿಂತಿದ್ದರೆ ನಾನು ಗೊಣಗಿಕೊಂಡು ಸುಮ್ಮನಾಗುತ್ತಿದ್ದೆ. ಆದರೆ ಅದೇ ಹುಮ್ಮಸ್ಸಿನಲ್ಲಿ ಇವರು ಹಳೆಯ ಸ್ಕೂಟರನ್ನು ಕೊಟ್ಟು ಬ್ಯಾಟರಿ ಸ್ಕೂಟರು ತಂದರು. ಅದನ್ನು ಹನ್ನೊಂದರಿಂದ ಮೂರರವರೆಗೆ ಚಾರ್ಜಿಗೆ ಹಾಕಬೇಕು ಎಂದು ಪಟ್ಟಿಯಲ್ಲಿ ಹೊಸ ಸಾಲು ಬಂತು. ಆ ಸ್ಕೂಟರಿನ ಮೇಲೆ ನನ್ನ ಕಣ್ಣು ಬಿದ್ದಿತ್ತು. ಗೇರಿಲ್ಲ, ಒದೆಯುವುದಿಲ್ಲ, ಸದ್ದಿಲ್ಲ. ನಾನೂ ಕಲಿಯಬಹುದು ಅನ್ನಿಸಿತು. ಆಗ ನನಗೆ ಐವತ್ತೇಳು.

ಯಾಕೆ ಕಲಿಯಬೇಕಿತ್ತು ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ನನ್ನ ತವರು ಮಳವಳ್ಳಿಯಿಂದ ಆಚೆ ಒಂದು ಹಳ್ಳಿ. ಈಗ ತಮ್ಮನ ಸಂಸಾರ ಅಲ್ಲಿದೆ. ಪಿತೃಪಕ್ಷದಲ್ಲಿ ಅಲ್ಲಿ ಹಿರಿಯರಿಗೆ ಎಡೆ ಇಡುತ್ತಾರೆ. ಸತ್ತವರು ಇಷ್ಟಪಟ್ಟು ತಿನ್ನುತ್ತಿದ್ದುದನ್ನೆಲ್ಲ ಮಾಡಿ, ದೀಪ ಹಚ್ಚುವ ಹೊತ್ತಿಗೆ ಎಲೆಯ ಮೇಲೆ ಬಡಿಸಿ, ಧೂಪ ಹಾಕಿ, ಮನೆಯವರೆಲ್ಲ ಹೊರಗೆ ಬಂದು ಬಾಗಿಲು ಮುಚ್ಚುತ್ತಾರೆ. ಹಿರಿಯರು ಬಂದು ಉಣ್ಣಲಿ ಎಂದು. ಅಷ್ಟು ಹೊತ್ತು ಎಲ್ಲರೂ ಜಗಲಿಯ ಮೇಲೆ ದನಿ ತಗ್ಗಿಸಿ ಕೂತಿರುತ್ತಾರೆ. ಅಪ್ಪ ಹೋದ ಮೇಲೆ ಆ ಜಗಲಿಯ ಮೇಲೆ ನಾನು ಒಮ್ಮೆಯೂ ಕೂತಿಲ್ಲ. ಕತ್ತಲಾದರೆ ಎದುರು ಬರುವ ಗಾಡಿಯ ಲೈಟು ಇವರ ಕಣ್ಣಿಗೆ ಹೊಡೆಯುತ್ತದೆ. ನಾಲ್ಕು ಗಂಟೆಗೆಲ್ಲ "ಏಳು, ಹೊರಡಾನ" ಎಂದು ಚಪ್ಪಲಿ ಮೆಟ್ಟಿ ನಿಂತಿರುತ್ತಾರೆ. ಬಸ್ಸಿನಲ್ಲಿ ಹೋಗಿ ರಾತ್ರಿ ಉಳಿಯಬಹುದಿತ್ತಲ್ಲ ಎಂದರೆ, ಕರೆದುಕೊಂಡು ಹೋದವರೇ ಕರೆದುಕೊಂಡು ಬರಬೇಕು ಎಂಬುದು ನಮ್ಮ ಮನೆಯಲ್ಲಿ ಯಾರೂ ಬರೆದಿಡದ ಕಾಯಿದೆ. ನಾನೂ ಅದನ್ನು ಮುರಿಯದೆ ಬಂದೆ. ಹಿಂದಿನ ಸೀಟಿನಲ್ಲಿ ಒಂದೇ ಕಡೆ ಕಾಲು ಹಾಕಿ ಕೂತು ಮಳವಳ್ಳಿ ರಸ್ತೆಯ ಒಂದು ಬದಿಯನ್ನಷ್ಟೇ ನೋಡಿದವಳು ನಾನು. ಇನ್ನೊಂದು ಬದಿಯಲ್ಲಿ ಏನಿದೆ ಎಂದು ವಾಪಸು ಬರುವಾಗ ನೋಡುತ್ತಿದ್ದೆ.

ಅಪ್ಪ ಹೋದದ್ದು ನಾಲೆಗೆ ನೀರು ಬಿಡದ ವರ್ಷ. ಆಗ ಮದ್ದೂರಿನಲ್ಲಿ ನಮಗಿದ್ದ ಎರಡೆಕರೆ ಗದ್ದೆಗೆ ಬೋರ್‌ವೆಲ್ಲೇ ಗತಿ, ತ್ರೀಫೇಸ್ ಕರೆಂಟು ಬರುತ್ತಿದ್ದದ್ದು ರಾತ್ರಿ. ಅಪ್ಪ ಮಳವಳ್ಳಿಯಲ್ಲಿ ಆಸ್ಪತ್ರೆಯ ಹಾಸಿಗೆ ಹಿಡಿದಿದ್ದರು, ನಾನು ಪಕ್ಕದಲ್ಲಿ ಕೂತಿದ್ದೆ. ಸಂಜೆ ಇವರು ಬಂದು, "ಇವತ್ತು ರಾತ್ರಿ ಕರೆಂಟು ಕೊಡ್ತಾರಂತೆ, ಮೋಟರ್ ತಾವ ಒಬ್ರು, ನೀರು ಕಟ್ಟಕ್ಕೆ ಒಬ್ರು ಬೇಕು" ಅಂದರು. ನಾನು ಏಳಲಿಲ್ಲ. ಅಪ್ಪನೇ, "ವೋಗವ್ವ, ಪೈರು ಒಣಗೋಯ್ತದೆ. ನಾನೆಲ್ಲಿಗೆ ಓಯ್ತೀನಿ?" ಅಂದರು. ಹೋದೆ. ಕರೆಂಟು ಎರಡು ಗಂಟೆ ಇದ್ದು ಹೋಯಿತು. ಅರ್ಧ ಗದ್ದೆಯೂ ನೆನೆಯಲಿಲ್ಲ. ಬೆಳಗಾಗುವಷ್ಟರಲ್ಲಿ ಅಪ್ಪ ಇರಲಿಲ್ಲ. ನನಗೆ ಇವರ ಮೇಲೆ ಬಂದ ಸಿಟ್ಟು ಇಷ್ಟು ವರ್ಷವಾದರೂ ಪೂರ್ತಿ ಇಳಿದಿಲ್ಲ. ಎದ್ದು ಹೋದವಳು ನಾನೇ ಆದ್ದರಿಂದ ನನ್ನ ಮೇಲಿನದೂ ಇಳಿದಿಲ್ಲ.

ಅದಕ್ಕೇ ಬರುವ ಪಿತೃಪಕ್ಷಕ್ಕೆ ನಾನೇ ಗಾಡಿ ಓಡಿಸಿಕೊಂಡು ಹೋಗಿ, ಎಡೆ ಮುಗಿಯುವವರೆಗೂ ಕೂರಬೇಕು ಎಂದು ತೀರ್ಮಾನಿಸಿದೆ. ಕಲಿಸಲು ಒಬ್ಬಳು ಸಿಕ್ಕಿದಳು. ನಮ್ಮ ಬೀದಿಯ ಕೊನೆಯಲ್ಲಿರುವ ಕಲ್ಯಾಣ ಮಂಟಪದ ಕಾವಲುಗಾರನ ಹೆಂಡತಿ. ಎರಡು ಹಸು ಕಟ್ಟಿಕೊಂಡು, ಬೆಳಿಗ್ಗೆ ಸಂಜೆ ಸ್ಕೂಟರಿನಲ್ಲಿ ಹಾಲಿನ ಕ್ಯಾನು ಇಟ್ಟುಕೊಂಡು ಡೇರಿಗೆ ಹೋಗಿಬರುವವಳು.

"ಆಸಾಡದಲ್ಲಿ ಬಾ ಅಕ್ಕ. ಮದ್ವೆ ಒಂದೂ ಇರಕಿಲ್ಲ, ಮಂಟಪದ ಅಂಗಳ ಖಾಲಿ. ಸ್ರಾವಣ ಬಂತು ಅಂದ್ರೆ ಕಾರು ನಿಲ್ಸಕ್ಕೂ ಜಾಗ ಇರಕಿಲ್ಲ. ಮದ್ಯಾನ ಅನ್ನೆರಡರಿಂದ ಎರಡುಗಂಟ ನಂಗೆ ಬಿಡುವು, ಆಮೇಕೆ ಹಸುಗಳ್ಗೆ ಹುಲ್ಲು ತರ್ಬೇಕು" ಅಂದಳು.

ಅಂದರೆ ನನ್ನ ಕಲಿಕೆಗೆ ಒಂದೇ ತಿಂಗಳು, ದಿನಕ್ಕೆ ಎರಡೇ ಗಂಟೆ. ಆ ಎರಡು ಗಂಟೆಯೂ ಸ್ಕೂಟರು ಗೋಡೆಯ ಪ್ಲಗ್ಗಿಗೆ ಕಟ್ಟಿಹಾಕಿಕೊಂಡು ಬಿಸಿಲು ಕುಡಿಯುವ ಹೊತ್ತಿನೊಳಗೇ ಬರುತ್ತಿತ್ತು. ಇವರನ್ನು ಕೇಳಿದೆ. ಕಲಿಯುವುದಕ್ಕೆ ಅಡ್ಡಿಯಿಲ್ಲ, ಬೆಳಿಗ್ಗೆ ಏಳಕ್ಕೆ ಕಲಿ ಅಂದರು. ಏಳಕ್ಕೆ ಅವಳು ಡೇರಿಯಲ್ಲಿರುತ್ತಾಳೆ. ಹಾಗಾದರೆ ಸಂಜೆ ಐದಕ್ಕೆ. ಆಗಲೂ ಡೇರಿಯಲ್ಲಿರುತ್ತಾಳೆ. ಭಾನುವಾರ ಕಲಿ ಅಂದರು. ಭಾನುವಾರ ಬೀದಿಯವರೆಲ್ಲ ಆ ಅಂಗಳದಲ್ಲಿ ಕ್ರಿಕೆಟ್ಟು ಆಡುತ್ತಾರೆ. "ಸೂರ್ಯನ ಟೈಮು ಬದಲಾಯ್ಸಕ್ಕೆ ಆಗಕಿಲ್ಲವಲ್ಲ" ಎಂದು ಕೈ ತೊಳೆದುಕೊಂಡರು. ಸೂರ್ಯನಿಗಿಂತ ಇವರೇ ಕಷ್ಟ ಎಂದು ನನಗೆ ಆಗಲೇ ಗೊತ್ತಾಗಿತ್ತು.

ಆಷಾಢ ಬಂತು. ಮೋಡ ಮುಚ್ಚಿಕೊಂಡು ಹತ್ತು ದಿನ ನೆರಳೇ ಬೀಳಲಿಲ್ಲ. ಆದರೂ ಹನ್ನೊಂದಾಯಿತೆಂದರೆ ಪ್ಲಗ್ಗು.

"ಬಿಸಿಲೇ ಇಲ್ಲವಲ್ಲ, ಯಾವ ಬಿಸಿಲಿನ ಕರೆಂಟು ಹಾಕ್ತಾ ಇದೀರಿ?" ಎಂದು ಕೇಳಿದೆ.

ಪಾಠದ ಮಧ್ಯೆ ಹೀಗೆ ಪ್ರಶ್ನೆ ಕೇಳುವ ಹುಡುಗರನ್ನು ಇವರು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರಂತೆ. ಎರಡು ದಿನ ಯೋಚನೆ ಮಾಡಿದರು. ಮೂರನೆಯ ದಿನ ಪಟ್ಟಿಯಲ್ಲಿ 'ಗಾಳಿ' ಎಂಬ ಹೊಸ ಕಾಲಂ ಹುಟ್ಟಿತು. ಆಷಾಢದಲ್ಲಿ ಬಿಸಿಲು ಕಮ್ಮಿಯಾದರೂ ಗಾಳಿಯಂತ್ರದ ಕರೆಂಟು ಜಾಸ್ತಿ, ಗಾಳಿ ಬೀಸುವಾಗ ಯಾವ ಹೊತ್ತಿನಲ್ಲಾದರೂ ಬಳಸಬಹುದು ಎಂದು ವಿವರಿಸಿದರು. ಇದೂ ಸುಳ್ಳಲ್ಲ. ಆದರೆ ಗಾಳಿ ಬೀಸುತ್ತಿದೆ ಎಂದು ತಿಳಿಯಲು ಹಿತ್ತಿಲಿಗೆ ಹೋಗಿ ಪಕ್ಕದ ಮನೆಯ ತೆಂಗಿನಮರ ನೋಡುತ್ತಾ ನಿಂತರು. ಗರಿ ಆಡಿದರೆ, "ಹಾಕು ಮೆಷಿನ್ನು." ಗರಿ ನಿಂತರೆ, "ನಿಲ್ಸು."

"ಗಾಳಿಯಂತ್ರ ಇರೋದು ಚಿತ್ರದುರ್ಗದ ಗುಡ್ಡದ ಮೇಲೆ. ಇದು ಪಕ್ಕದ ಮನೆ ತೆಂಗಿನಮರ" ಅಂದೆ.

"ಗಾಳಿ ಒಂದೇ ಅಲ್ವೇನೇ? ಇಲ್ಲಿ ಬೀಸಿದ್ರೆ ಅಲ್ಲೂ ಬೀಸ್ತದೆ."

ಮೂವತ್ತು ಚಿಲ್ಲರೆ ವರ್ಷ ವಿಜ್ಞಾನ ಹೇಳಿಕೊಟ್ಟವರ ಮಾತು ಇದು. ಒಂದು ದಿನ ಗರಿ ನಿಂತುಹೋಗಿ ಬಟ್ಟೆಗಳು ಸಂಜೆಯವರೆಗೆ ಸೋಪಿನ ನೀರಿನಲ್ಲಿ ನೆನೆದುಕೊಂಡಿದ್ದವು. ಅತ್ತೆಯ ಸೀರೆಯ ಕೆಂಪು ಇವರ ಬಿಳಿ ಪಂಚೆಗೆ ಇಳಿಯಿತು. ನನಗಾದ ಲಾಭ ಅಷ್ಟೇ. ಸ್ಕೂಟರಿನ ಪಾಡು ಇನ್ನೂ ಕೆಟ್ಟಿತು. ಮೊದಲು ನಾಲ್ಕು ಗಂಟೆ ಪ್ಲಗ್ಗಿನಲ್ಲಿರುತ್ತಿದ್ದದ್ದು ಈಗ ಗರಿ ಆಡಿದಾಗಲೆಲ್ಲ ಪ್ಲಗ್ಗಿನಲ್ಲಿ. ಆಷಾಢದಲ್ಲಿ ಗರಿ ಆಡದೆ ಇರುವುದು ಯಾವಾಗ?

ಇಷ್ಟರಲ್ಲಿ ಅತ್ತೆ ಕಣಕ್ಕಿಳಿದರು. ಒಂದು ಬುಧವಾರ ಹನ್ನೆರಡಕ್ಕೆ ನಾನು ಗ್ರೈಂಡರಿನ ಸ್ವಿಚ್ಚಿಗೆ ಕೈ ಹಾಕಿದ್ದೆ.

"ತಡಿಯವ್ವ. ಬುದುವಾರ ಅನ್ನೆರಡರಿಂದ ಒಂದೂವರೆಗಂಟ ರಾವುಕಾಲ. ಸುರು ಮಾಡ್ಬ್ಯಾಡ" ಅಂದರು.

ಮೊದಲು ಸಂಜೆ ಐದಕ್ಕೋ ಆರಕ್ಕೋ ಬಿಡುವಾದಾಗ ರುಬ್ಬುತ್ತಿದ್ದೆ, ಯಾರೂ ರಾಹುಕಾಲ ನೋಡಿದ್ದಿಲ್ಲ. ಗಂಟೆ ಬರೆದು ಬಾಗಿಲಿಗೆ ಅಂಟಿಸಿದ ಮೇಲೆ ಅದು ಕಾರ್ಯಕ್ರಮವಾಯಿತು. ಕಾರ್ಯಕ್ರಮ ಎಂದರೆ ಮುಹೂರ್ತ ಬೇಕು. ಇವರು ತಾಯಿಗೆ ವಿಜ್ಞಾನ ಹೇಳಲು ಬಾಯಿ ತೆರೆದರು. ಅತ್ತೆಗೆ ಕಿವಿ ಕೇಳಿಸಲಿಲ್ಲ. ಕೊನೆಗೆ ತಾಯಿ ಮಗ ಸೇರಿ ಒಂದು ಒಪ್ಪಂದಕ್ಕೆ ಬಂದರು. ರಾಹುಕಾಲದಲ್ಲಿ ಶುರುಮಾಡಬಾರದು ನಿಜ, ಮೊದಲೇ ಶುರುವಾದದ್ದು ನಡೆಯುತ್ತಿದ್ದರೆ ದೋಷವಿಲ್ಲ. ಆದ್ದರಿಂದ ಮುಂದಿನ ಬುಧವಾರ ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗಲೇ ಗ್ರೈಂಡರು ಹಾಕಬೇಕು. ಉದ್ದು ನೆನೆದು ಹದವಾಗುವುದು ಮಾತ್ರ ಒಂದು ಗಂಟೆಗೆ. ಅಲ್ಲಿಯವರೆಗೆ ಖಾಲಿ ತಿರುಗುತ್ತಿರಲಿ. ಕಲ್ಲು ಕಲ್ಲಿಗೆ ತಾಗಿ ಸವೆಯದ ಹಾಗೆ ನಾನು ಪಕ್ಕದಲ್ಲಿ ಕೂತು ಆಗಾಗ ನೀರು ಹಾಕುತ್ತಿರಬೇಕು.

ಹಾಗೇ ನಡೆಯಿತು. ಕಲ್ಲಿದ್ದಲು ಉಳಿಸುವ ಮನೆಯಲ್ಲಿ ಖಾಲಿ ಗ್ರೈಂಡರು ಒಂದು ಗಂಟೆಗೂ ಹೆಚ್ಚು ಹೊತ್ತು ತಿರುಗಿತು, ನಾನು ಲೋಟ ಹಿಡಿದು ಅದಕ್ಕೆ ನೀರು ಕುಡಿಸುತ್ತಾ ಕೂತೆ. ಇದೇನು ಅನ್ಯಾಯ ಎಂದರೆ, "ಸೂರ್ಯನ ಕರೆಂಟು ಕಣೇ, ಖಾಲಿ ತಿರುಗಿದ್ರೂ ಪರವಾಗಿಲ್ಲ" ಅಂದರು. ಹೊರಗೆ ಸ್ಕೂಟರು ಪ್ಲಗ್ಗಿನಲ್ಲಿತ್ತು. ಕಲ್ಯಾಣ ಮಂಟಪದವಳು ಗೇಟಿನ ತನಕ ಬಂದು ಇಣುಕಿ ನೋಡಿ, ನನ್ನ ಕೈಯ ಲೋಟ ನೋಡಿ ಹೊರಟುಹೋದಳು. ಆಷಾಢದಲ್ಲಿ ಇನ್ನು ಹನ್ನೆರಡೇ ದಿನ ಉಳಿದಿದ್ದವು. ನನಗೆ ಅಳು ಬಂತು, ಸಿಟ್ಟೂ ಬಂತು.

ಅದರ ಮುಂದಿನ ಬುಧವಾರ ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ಗ್ರೈಂಡರು ಹಾಕಿದೆ. ಲೋಟವನ್ನು ಇವರ ಕೈಗೆ ಕೊಟ್ಟೆ.

"ಪಟ್ಟಿ ನಿಮ್ದು, ರಾಹುಕಾಲ ನಿಮ್ಮವ್ವಂದು. ಇಬ್ರೂ ಸೇರಿ ರುಬ್ಬಿ."

ಸ್ಕೂಟರಿನ ಪ್ಲಗ್ಗು ಕಿತ್ತು ತಳ್ಳಿಕೊಂಡು ಹೊರಟೆ. ಹಿಂದಿನಿಂದ ಇವರು ಕರೆದದ್ದು ಕೇಳಿಸಿತು. ಅತ್ತೆಯ ಹಾಗೆ ನನಗೂ ಕಿವಿ ಮಂದವಾಯಿತು.

ಆ ದಿನ ಅಂಗಳದಲ್ಲಿ ನನ್ನ ಕಾಲು ಮೊದಲ ಸಲ ನೆಲ ಬಿಟ್ಟಿತು. "ಕಾಲು ಎತ್ತು ಅಕ್ಕ, ಬೀಳಕಿಲ್ಲ ನೀನು" ಎಂದು ಅವಳು ಹಿಂದಿನಿಂದ ಓಡಿಬರುತ್ತಿದ್ದಳು. ಮಂಟಪವನ್ನು ಪೂರ್ತಿ ಒಂದು ಸುತ್ತು ಸುತ್ತಿ ಬಂದೆ. ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಫೋನು ಮೂರು ಸಲ ಹೊಡೆದುಕೊಂಡಿತು. ಎರಡನೆಯ ಸುತ್ತು ಹಾಕಿದೆ. ಖುಷಿಗೆ ಒಬ್ಬಳೇ ನಗುತ್ತಿದ್ದೆ.

ಮನೆಗೆ ಬಂದಾಗ ಎರಡೂಕಾಲು. ಗ್ರೈಂಡರು ಇನ್ನೂ ತಿರುಗುತ್ತಿತ್ತು. ಹಿಟ್ಟು ಗೋಡೆಯ ಮೇಲಿತ್ತು, ಕಿಟಕಿಯ ಸರಳಿನ ಮೇಲಿತ್ತು, ಇವರ ಕನ್ನಡಕದ ಮೇಲೂ ಇತ್ತು. ಅತ್ತೆ ಅಡುಗೆಮನೆಯ ಹೊಸಿಲ ಹತ್ತಿರ ಕಾಲು ಚಾಚಿ ಕೂತು ನೋಡುತ್ತಿದ್ದರು.

"ಸುರು ಮಾಡ್ಬ್ಯಾಡ ಅಂದಿದ್ದೆ ಕಣವ್ವ, ನಿಲ್ಲುಸ್ಬ್ಯಾಡ ಅಂದಿದ್ನಾ? ನಿನ್ ಗಂಡ ನಿಲ್ಸಕ್ಕೂ ಗಳಿಗೆ ನೋಡ್ತಾ ಕುಂತವ್ನೆ" ಅಂದರು.

ನಾನೇ ಹೋಗಿ ಸ್ವಿಚ್ಚು ಆರಿಸಿದೆ. ಎಲ್ಲಿಗೆ ಹೋಗಿದ್ದೆ, ಯಾಕೆ ಫೋನು ಎತ್ತಲಿಲ್ಲ ಎಂದು ಇವರು ಶುರುಮಾಡಿದರು. ಆಗ ನಾನು ಅಷ್ಟು ವರ್ಷ ಆಡದ ಮಾತು ಆಡಿಬಿಟ್ಟೆ.

"ನಮ್ಮಪ್ಪನ್ನ ಬುಟ್ಟು ಬಂದದ್ದು ಕರೆಂಟಿಗೋಸ್ಕರ. ರಾತ್ರಿ ಬಂದ್ರೆ ರಾತ್ರಿ ಎದ್ದೆ, ಹಗಲು ಬಂದ್ರೆ ಹಗಲು ಎದ್ದೆ. ನನಗೆ ಹೊಂದ್ಕೊಳ್ಳೋದು ಹೇಳ್ಕೊಡಬೇಡಿ. ಈ ಸಲ ಎಡೆಗೆ ನಾನು ಕೂರ್ಬೇಕು. ಅದಕ್ಕೆ ಗಾಡಿ ಬೇಕು."

ಇವರು ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿಕೊಂಡರು. ಒಂದು ಹಳೇ ಬಟ್ಟೆ ಒದ್ದೆ ಮಾಡಿಕೊಂಡು ಗೋಡೆ ಒರೆಸಲು ಶುರುಮಾಡಿದರು. ಅತ್ತೆ ಕಾಲು ಮಡಿಸಿಕೊಂಡರು.

ಮಾರನೆಯ ದಿನ ಫ್ರಿಜ್ಜಿನ ಮೇಲೆ ಹೊಸ ಪಟ್ಟಿ. ಗಾಳಿಯ ಕಾಲಂ ಹೋಗಿತ್ತು. ಸ್ಕೂಟರಿಗೆ ಎರಡು ಗಂಟೆಯ ಮೇಲೆ ಚಾರ್ಜು. ಗ್ರೈಂಡರು, ಮೋಟರು, ಬಟ್ಟೆ ಮೆಷಿನ್ನು, ಇವುಗಳ ಮುಂದೆ 'ನಾನು' ಎಂದು ಬರೆದುಕೊಂಡಿದ್ದರು. ಹಗಲು ಹೊತ್ತಿನಲ್ಲಿ ಮನೆಯಲ್ಲಿ ಕೆಲಸವಿಲ್ಲದೆ ಕೂತಿರುವ ಆಳು ಯಾರು ಎಂಬ ಲೆಕ್ಕ ತರಬೇತಿಯಲ್ಲಿ ಯಾರೂ ಹೇಳಿರಲಿಲ್ಲವಂತೆ, ತಾವೇ ಕಂಡುಹಿಡಿದರಂತೆ. ಮೊದಮೊದಲು ಇವರು ರುಬ್ಬಿದ ಹಿಟ್ಟಿನ ಗಟ್ಟಿ ಇಡ್ಲಿಯನ್ನು ಹಲ್ಲಿಲ್ಲದ ಅತ್ತೆ ಕಾಫಿಗೆ ಅದ್ದಿಕೊಂಡು ತಿಂದರು. ಶ್ರಾವಣ ಕಳೆಯುವ ಹೊತ್ತಿಗೆ ಮೆತ್ತಗಾದವು. ಈಗ ಬೀದಿಯವರಿಗೆ ಉದ್ದು ಎಷ್ಟು ಹೊತ್ತು ನೆನೆಯಬೇಕು ಎಂದು ಇವರೇ ಪಾಠ ಹೇಳುತ್ತಾರೆ. ಹಗಲಿನಲ್ಲೇ ರುಬ್ಬಿ ಎಂದೂ ಹೇಳುತ್ತಾರೆ, ರುಬ್ಬಿ ತೋರಿಸಿದವರು ಆದ್ದರಿಂದ ಹೆಂಗಸರು ಕೇಳುತ್ತಾರೆ.

ಆಷಾಢ ಮುಗಿಯುವಷ್ಟರಲ್ಲಿ ನಾನು ಕಲಿತೆ. ಲೈಸೆನ್ಸೂ ಬಂತು. ಪಿತೃಪಕ್ಷದಲ್ಲಿ ತಮ್ಮನ ಮನೆಯ ಎಡೆಯ ದಿನ ಬೆಳಿಗ್ಗೆ ಹೆಲ್ಮೆಟ್ಟು ಹಾಕಿಕೊಂಡು ಹೊರಟೆ. ಇವರು ಗೇಟಿನ ಹತ್ತಿರ ನಿಂತು ಬ್ರೇಕಿನ ವಿಷಯ ನಾಲ್ಕು ಸಲ ಹೇಳಿದರು. ಮಳವಳ್ಳಿ ರಸ್ತೆಯನ್ನು ನಾನು ಮೊದಲ ಬಾರಿಗೆ ನೇರ ಎದುರಿಗೆ ನೋಡಿದೆ. ಎರಡೂ ಬದಿಯಲ್ಲಿ ಕಬ್ಬು ಎತ್ತರಕ್ಕೆ ಬೆಳೆದಿತ್ತು. ನಿಧಾನಕ್ಕೆ ಹೋದೆ, ಊಟದ ಹೊತ್ತಿಗೆ ತಲುಪಿದೆ.

ನಾಲ್ಕು ಗಂಟೆಗೆ ಸರಿಯಾಗಿ ಫೋನು ಬಂತು.

"ಹೊರಟ್ಯಾ?"

"ಇಲ್ಲ. ಎಡೆ ಇನ್ನೂ ಇಕ್ಕಿಲ್ಲ."

"ಚಾರ್ಜು ಎಷ್ಟೈತೆ?"

"ಅರ್ಧಕ್ಕೂ ಕಮ್ಮಿ."

"ಹಂಗಾರೆ ಈಗ್ಲೇ ಹಾಕ್..." ಎಂದವರು ಅಲ್ಲೇ ನಿಲ್ಲಿಸಿದರು. ಈಗ ಹಾಕಿದರೆ ತುಂಬುವಷ್ಟರಲ್ಲಿ ಎಂಟು ಗಂಟೆಯಾಗುತ್ತದೆ. ಅವರ ಪಟ್ಟಿಯಲ್ಲಿ ಅದು ಕೆಂಪು ಗೆರೆಯ ಹೊತ್ತು.

"ನಾಳೆ ಹನ್ನೊಂದಕ್ಕೆ ಹಾಕ್ತೀನಿ. ಬಿಸಿಲು ಚೆನ್ನಾಗಿರ್ತದೆ. ಮೂರಕ್ಕೆ ತುಂಬ್ತದೆ. ಆಮೇಲೆ ಹೊರಡ್ತೀನಿ" ಅಂದೆ.

"ಆಗ್ಲಿ ಬುಡು" ಅಂದರು. ಫೋನು ಇಡುತ್ತಾರೆ ಅಂದುಕೊಂಡೆ. ಇಡಲಿಲ್ಲ. "ಮಾವನ ಎಡೆಗೆ ಒಂದು ಕಟ್ಟು ಬೀಡಿ ಇಡ್ಸು. ನಾನು ಹೇಳ್ದೆ ಅಂತ."

ಬೀಡಿ ತರಿಸಿ ಎಲೆಯ ಪಕ್ಕ ನಾನೇ ಇಟ್ಟೆ. ಮುದ್ದೆ, ಬಾಡಿನ ಸಾರು, ಅಪ್ಪನಿಗೆ ಇಷ್ಟವಾದ ಅವರೆಕಾಳಿನ ಪಲ್ಯ. ತಮ್ಮ ಧೂಪ ಹಾಕಿದ. ಎಲ್ಲರೂ ಹೊರಗೆ ಬಂದು ಬಾಗಿಲು ಎಳೆದುಕೊಂಡೆವು. ಜಗಲಿಯ ಮೇಲೆ ಬಾಗಿಲಿಗೆ ಹತ್ತಿರವಾಗಿ ಕೂತೆ. ಒಳಗೆ ಏನೂ ಸದ್ದಿರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ತಮ್ಮ ಎದ್ದು ಬಾಗಿಲಿಗೆ ಕೈ ಹಾಕಿದ.

"ತಡಿಲಾ" ಅಂದೆ. "ಇನ್ನೊಂದು ಗಳಿಗೆ ಇರ್ಲಿ. ನಿಧಾನಕ್ಕೆ ಉಣ್ಲಿ."